ಮನೆ ಸಾಲದ ಕಂತು ತಪ್ಪಿದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಇತ್ತೀಚೆಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಗೃಹ ಸಾಲದ ಕಂತು ಕಟ್ಟಲಾಗದ ಸಂಕಟವನ್ನು ಕುರಿತವು. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಬರೆದವರ ಕೋರಿಕೆಯಂತೆ ಅವರ ಹೆಸರನ್ನಾಗಲಿ, ಸಾಲ ಕೊಟ್ಟ ಸಂಸ್ಥೆಯ ಹೆಸರನ್ನಾಗಲಿ ಇಲ್ಲಿ ಕೊಟ್ಟಿಲ್ಲ.

ಪ್ರಶ್ನೆ: ನನಗೆ 44 ವರ್ಷ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದೆ. ಎರಡು ತಿಂಗಳ ಹಿಂದೆ ಒಂದು ಪಾಳಿಯನ್ನೇ ನಿಲ್ಲಿಸಿ ನಮ್ಮಲ್ಲಿ ಹಲವರನ್ನು ಕೆಲಸದಿಂದ ಬಿಡಿಸಿದರು. ಈಗ ಬೇರೆ ಕೆಲಸ ಸಿಕ್ಕಿದೆ. ಸಂಬಳ ಮಾತ್ರ ಮೊದಲಿನದರ ಮೂರರಲ್ಲಿ ಎರಡು ಪಾಲು. ಮನೆ ಸಾಲದಲ್ಲಿ ಇನ್ನೂ 25.5 ಲಕ್ಷ ರೂಪಾಯಿ ಉಳಿದಿದೆ, 14 ವರ್ಷದ ಕಂತು ಬಾಕಿಯಿದೆ. ಬಡ್ಡಿ ಶೇ 8.5, ತಿಂಗಳ ಕಂತು ಸುಮಾರು 26,000 ರೂಪಾಯಿ. ಕಳೆದ ತಿಂಗಳ ಕಂತು ಖಾತೆಯಲ್ಲಿ ಹಣವಿಲ್ಲದೆ ವಾಪಸಾಯಿತು. ಹೆಂಡತಿಯ ಒಡವೆ ಅಡವಿಡಬೇಕೋ, ಪರಿಚಯದವರಿಂದ ಬಡ್ಡಿಗೆ ತರಬೇಕೋ ತಿಳಿಯುತ್ತಿಲ್ಲ. ಬ್ಯಾಂಕಿಗೆ ಹೋಗಿ ಕಷ್ಟ ಹೇಳಿಕೊಂಡರೆ ಮನೆಯನ್ನೇ ಕಿತ್ತುಕೊಳ್ಳುತ್ತಾರೆ ಎಂದು ಸ್ನೇಹಿತರು ಹೆದರಿಸುತ್ತಾರೆ.
– ಹೆಸರು ಬೇಡ, ನೆಲಮಂಗಲ

ಉತ್ತರ: ಈ ವಾರವೇ ಬ್ಯಾಂಕಿಗೆ ಹೋಗಿ. ನಿಮ್ಮ ಸ್ನೇಹಿತರ ಮಾತಿಗೆ ಇದು ತದ್ವಿರುದ್ಧ ಎಂಬುದು ನನಗೆ ಗೊತ್ತು. ಆದರೆ ಒಂದು ಕಂತು ತಪ್ಪಿತೆಂದು, ಅಥವಾ ಕಷ್ಟ ಹೇಳಿಕೊಂಡರೆಂದು, ಯಾರ ಮನೆಯನ್ನೂ ವಶಪಡಿಸಿಕೊಳ್ಳಲು ಬರುವುದಿಲ್ಲ. ಮನೆ ಕೈತಪ್ಪುವ ಪ್ರಕರಣಗಳಲ್ಲಿ ನಾನು ಕಂಡ ಸಾಮಾನ್ಯ ಸಂಗತಿಯೆಂದರೆ, ಸಾಲಗಾರರು ಮೊದಲ ಮೂರು ತಿಂಗಳು ಬ್ಯಾಂಕಿನ ಕರೆಯನ್ನೇ ತೆಗೆದುಕೊಳ್ಳದೆ ಇದ್ದುದು.

ಆ ಮೂರು ತಿಂಗಳ ಬೆಲೆ ಏನೆಂದು ಸ್ವಲ್ಪ ವಿವರವಾಗಿ ಹೇಳಬೇಕು. ಕಂತಿನ ದಿನಾಂಕ ದಾಟಿದ ಮೇಲಿನ ಮೊದಲ 30 ದಿನ, 31ರಿಂದ 60ನೇ ದಿನ, 61ರಿಂದ 90ನೇ ದಿನ ಎಂಬ ಮೂರು ಹಂತಗಳನ್ನು ಬ್ಯಾಂಕುಗಳು ವಿಶೇಷ ನಿಗಾದ ಖಾತೆಗಳೆಂಬ ಅರ್ಥದಲ್ಲಿ ಎಸ್‌ಎಂಎ-0, ಎಸ್‌ಎಂಎ-1, ಎಸ್‌ಎಂಎ-2 ಎಂದು ಗುರುತಿಸುತ್ತವೆ. ಬಾಕಿ 90 ದಿನ ಮೀರಿದರೆ ಖಾತೆ ಎನ್‌ಪಿಎ ಆಗುತ್ತದೆ, ಅಂದರೆ ಅನುತ್ಪಾದಕ ಆಸ್ತಿಯ ಪಟ್ಟಿಗೆ ಸೇರುತ್ತದೆ. ಅಲ್ಲಿಯವರೆಗೆ ನಿಮ್ಮ ಅರ್ಜಿಯನ್ನು ಶಾಖೆಯವರು ಗ್ರಾಹಕನ ಅರ್ಜಿಯೆಂದು ನೋಡುತ್ತಾರೆ. ಆಮೇಲೆ ಕಡತ ವಸೂಲಾತಿ ವಿಭಾಗದ ಪಾಲಾಗುತ್ತದೆ. ಒಮ್ಮೆ ಎನ್‌ಪಿಎ ಆದ ಖಾತೆ ಒಂದೆರಡು ಕಂತು ಕಟ್ಟಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಬಾಕಿಯಿರುವ ಅಸಲು, ಬಡ್ಡಿ ಪೂರ್ತಿ ಸಂದಾಯವಾದ ಮೇಲೆಯೇ ಅದನ್ನು ಮೊದಲಿನ ಸ್ಥಿತಿಗೆ ತರಬಹುದೆಂದು ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಇದರಿಂದ ನಿಮಗೊಂದು ಉಪಾಯ ಹೊಳೆಯಬೇಕು. ಕಟ್ಟಿದ ಹಣ ಸಾಮಾನ್ಯವಾಗಿ ಹಳೆಯ ಬಾಕಿಗೆ ಮೊದಲು ಜಮೆಯಾಗುತ್ತದೆ. ಆದ್ದರಿಂದ ತಪ್ಪಿದ ಒಂದು ಕಂತು ಹಾಗೆಯೇ ಉಳಿದರೂ, ಇನ್ನು ಮುಂದೆ ತಿಂಗಳಿಗೊಂದು ಕಂತನ್ನು ತಪ್ಪದೆ ಕಟ್ಟುತ್ತಾ ಹೋದರೆ ಬಾಕಿಯ ವಯಸ್ಸು ಒಂದು ತಿಂಗಳ ಆಸುಪಾಸಿನಲ್ಲೇ ನಿಲ್ಲುತ್ತದೆ, 90 ದಿನದ ಗೆರೆಯನ್ನು ಮುಟ್ಟುವುದಿಲ್ಲ. ಪೂರ್ತಿ ಹಣ ಕೂಡಿದ ಮೇಲೆ ಒಟ್ಟಿಗೆ ಕಟ್ಟೋಣವೆಂದು ಕಾಯಬೇಡಿ; ಕೈಯಲ್ಲಿ ಎಷ್ಟಿದೆಯೋ ಅಷ್ಟನ್ನು ಕಟ್ಟಿ ರಸೀದಿ ಪಡೆಯಿರಿ.

ಇನ್ನು ಬ್ಯಾಂಕಿನಲ್ಲಿ ಕೇಳಬೇಕಾದದ್ದು. ಮೊದಲು ನಿಮ್ಮ ಬಡ್ಡಿ ಯಾವುದಕ್ಕೆ ಹೊಂದಿಕೊಂಡಿದೆ ಎಂದು ಕೇಳಿ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಬದಲಾಗುವ ಬಡ್ಡಿಯ ಹೊಸ ಗೃಹ ಸಾಲಗಳು ರೆಪೋ ದರದಂತಹ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರಬೇಕು. ಅದಕ್ಕಿಂತ ಹಿಂದಿನ ಸಾಲವಾದರೆ ಇನ್ನೂ ಬ್ಯಾಂಕು ತಾನೇ ಲೆಕ್ಕಹಾಕುವ ಎಂಸಿಎಲ್‌ಆರ್ ಅಥವಾ ಹಳೆಯ ಮೂಲ ದರದಲ್ಲೇ ಉಳಿದಿರಬಹುದು. ಲಿಖಿತ ಅರ್ಜಿ ಕೊಟ್ಟು, ಸಣ್ಣ ಶುಲ್ಕ ಕಟ್ಟಿ ಹೊಸ ವ್ಯವಸ್ಥೆಗೆ ಬದಲಾಯಿಸಿಕೊಳ್ಳಬಹುದು. ರೆಪೋ ದರ 2025ರ ಫೆಬ್ರುವರಿಯಿಂದ ಜೂನ್‌ವರೆಗೆ ಶೇ 6.50ರಿಂದ ಶೇ 5.50ಕ್ಕೆ ಇಳಿಯಿತು. ದರ ಇಳಿದಾಗ ಅನೇಕ ಬ್ಯಾಂಕುಗಳು ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಮಾತ್ರ ಕಡಿಮೆ ಮಾಡುತ್ತವೆ. ಸಂಬಳ ಸರಿಯಾಗಿ ಬರುವವರಿಗೆ ಅದೇ ಲಾಭ. ನಿಮ್ಮ ಸ್ಥಿತಿಯಲ್ಲಿರುವವರು ಅವಧಿಯನ್ನು ಮೊದಲಿನಷ್ಟೇ ಉಳಿಸಿ ಕಂತನ್ನು ಇಳಿಸಿಕೊಡಿ ಎಂದು ಕೇಳಬೇಕು. 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಬಡ್ಡಿ ಮರುನಿಗದಿಯಾದಾಗ ಅದು ಕಂತಿನ ಮೇಲೂ ಅವಧಿಯ ಮೇಲೂ ಮಾಡುವ ಪರಿಣಾಮವನ್ನು ಸಾಲಗಾರನಿಗೆ ತಿಳಿಸಬೇಕು. ಬಡ್ಡಿ ಏರಿದರೆ ಕಂತು ಹೆಚ್ಚಬೇಕೋ, ಅವಧಿ ಹೆಚ್ಚಬೇಕೋ, ಎರಡೂ ಸ್ವಲ್ಪಸ್ವಲ್ಪ ಹೆಚ್ಚಬೇಕೋ ಎಂಬ ಆಯ್ಕೆಯನ್ನೂ ಅವನಿಗೇ ಬಿಡಬೇಕು.

ಇದರಿಂದ ಸಾಲದಿದ್ದರೆ ಎರಡನೆಯ ದಾರಿ, ಅವಧಿ ವಿಸ್ತರಣೆ. 25.5 ಲಕ್ಷವನ್ನು ಶೇ 8.5ರ ಬಡ್ಡಿಯಲ್ಲಿ 14 ವರ್ಷದ ಬದಲು 20 ವರ್ಷಕ್ಕೆ ಹಂಚಿದರೆ ಕಂತು ಸುಮಾರು 22,130 ರೂಪಾಯಿಗೆ ಇಳಿಯುತ್ತದೆ. ತಿಂಗಳಿಗೆ ಸುಮಾರು 3,900 ರೂಪಾಯಿ ಉಳಿಯುತ್ತದೆ, ಆದರೆ ಸಾಲ ತೀರುವ ಹೊತ್ತಿಗೆ 9 ಲಕ್ಷಕ್ಕೂ ಹೆಚ್ಚು ಬಡ್ಡಿಯನ್ನು ಹೆಚ್ಚುವರಿಯಾಗಿ ಕಟ್ಟಿರುತ್ತೀರಿ. ಈ ಎರಡನೆಯ ಅಂಕಿಯನ್ನು ಕಂಡು ಹಿಂಜರಿಯಬೇಡಿ. ಬದಲಾಗುವ ಬಡ್ಡಿಯ ಗೃಹ ಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ಯಾವ ಶುಲ್ಕವನ್ನೂ ಹಾಕುವಂತಿಲ್ಲ. ಆದ್ದರಿಂದ ಸಂಬಳ ಸುಧಾರಿಸಿದ ಮೇಲೆ ಕಂತನ್ನು ಏರಿಸಿಕೊಂಡು, ಬೋನಸ್ ಬಂದಾಗ ಒಂದಿಷ್ಟು ಅಸಲಿಗೆ ಕಟ್ಟಿ ಆ ಹೊರೆಯನ್ನು ಇಳಿಸಬಹುದು. ನಿಮಗೆ 44 ವರ್ಷವಾದ್ದರಿಂದ 20 ವರ್ಷದ ಅವಧಿ ನಿವೃತ್ತಿಯ ವಯಸ್ಸನ್ನು ದಾಟುತ್ತದೆ, ಬ್ಯಾಂಕು ಆಕ್ಷೇಪಿಸಬಹುದು. ದುಡಿಯುವ ಹೆಂಡತಿ ಅಥವಾ ಮಗ ಸಹ ಸಾಲಗಾರರಾಗಿ ಸೇರಿದರೆ ಆ ತೊಡಕು ನೀಗುವ ಸಾಧ್ಯತೆಯಿದೆ. ಸಾಲಗಾರನ ಹಣದ ಅಡಚಣೆಯ ಕಾರಣಕ್ಕೆ ಕೊಡುವ ವಿಸ್ತರಣೆಯನ್ನು ಸಾಲದ ಪುನರ್‌ರಚನೆ ಎಂದು ಪರಿಗಣಿಸಿ, ಸಾಲಗಾರರ ಮರುಪಾವತಿಯ ದಾಖಲೆ ಇಡುವ ಸಿಬಿಲ್‌ನಂತಹ ಸಂಸ್ಥೆಗಳಿಗೆ ವರದಿ ಮಾಡುವುದುಂಟು, ಅದರಿಂದ ಮುಂದೆ ಹೊಸ ಸಾಲ ಸಿಗುವುದು ಕಷ್ಟವಾಗುತ್ತದೆ. ನಿಮ್ಮ ಬ್ಯಾಂಕು ಹೇಗೆ ವರದಿ ಮಾಡುತ್ತದೆ ಎಂದು ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ. ಮನೆಯೇ ಕೈತಪ್ಪುವುದಕ್ಕಿಂತ ಅದು ಎಷ್ಟೋ ಲೇಸು.

ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ದಾಖಲೆಯಿರುವುದಿಲ್ಲ. ಕೆಲಸ ಹೋದ ಪತ್ರ, ಹೊಸ ಸಂಬಳದ ಚೀಟಿ, ಆರು ತಿಂಗಳ ಬ್ಯಾಂಕ್ ವಿವರ ಲಗತ್ತಿಸಿ, ತಿಂಗಳಿಗೆ ಇಂತಿಷ್ಟು ಕಟ್ಟಬಲ್ಲೆ ಎಂದು ಅಂಕಿ ಸಮೇತ ಬರೆದು ಕೊಡಿ. ಪ್ರತಿಯ ಮೇಲೆ ದಿನಾಂಕ, ಮೊಹರು ಹಾಕಿಸಿಕೊಳ್ಳಿ. ತಡವಾದ ಕಂತಿಗೆ ದಂಡ ಹಾಕುವುದುಂಟು. 2024ರಿಂದ ಅದನ್ನು ದಂಡ ಬಡ್ಡಿಯಾಗಿ ಹಾಕುವಂತಿಲ್ಲ, ದಂಡ ಶುಲ್ಕವಾಗಿ ಮಾತ್ರ ಹಾಕಬಹುದು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಬೆಳೆಯಬಾರದು. ಲೆಕ್ಕಪಟ್ಟಿ ತರಿಸಿ ಇದನ್ನು ಪರಿಶೀಲಿಸಿ. ಅರ್ಜಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಸಾಲ ಕೊಟ್ಟದ್ದು ಬ್ಯಾಂಕಲ್ಲದೆ ಗೃಹ ಹಣಕಾಸು ಕಂಪನಿಯಾದರೆ ದೂರು ಹೋಗಬೇಕಾದದ್ದು ರಾಷ್ಟ್ರೀಯ ವಸತಿ ಬ್ಯಾಂಕಿಗೆ.

ಒಡವೆಯ ವಿಚಾರ. ಹೊಸ ಸಂಬಳ ಕೈಗೆ ಬರುವವರೆಗಿನ ಒಂದೆರಡು ತಿಂಗಳ ಅಂತರವನ್ನು ದಾಟಲು ಬ್ಯಾಂಕಿನಲ್ಲೇ ಚಿನ್ನ ಅಡವಿಡುವುದು ತಪ್ಪಲ್ಲ. ಆದರೆ ಪ್ರತಿ ತಿಂಗಳ ಕಂತಿಗೂ ಒಂದೊಂದು ಒಡವೆ ಹೋಗುವಂತಾದರೆ ಅದು ಪರಿಹಾರವಲ್ಲ, ವರ್ಷದ ಕೊನೆಗೆ ಒಡವೆಯೂ ಇರುವುದಿಲ್ಲ, ಮನೆಯ ಬಾಕಿಯೂ ಹಾಗೇ ಇರುತ್ತದೆ. ಭವಿಷ್ಯ ನಿಧಿಯಿಂದ ಗೃಹ ಸಾಲ ತೀರಿಸಲು ಹಣ ತೆಗೆಯಲು ಅವಕಾಶವಿದೆ. ಅದನ್ನು ಮುಟ್ಟುವುದಾದರೆ ಕಂತು ಕಟ್ಟುವುದಕ್ಕಿಂತ ಅಸಲನ್ನು ಒಮ್ಮೆಗೇ ಇಳಿಸಿ ಕಂತನ್ನು ಕಡಿಮೆ ಮಾಡಿಸಿಕೊಳ್ಳಲು ಬಳಸಿ. ಮೀಟರ್ ಬಡ್ಡಿಯ ಸಾಲವನ್ನು ಮಾತ್ರ ಯಾವ ಕಾರಣಕ್ಕೂ ತರಬೇಡಿ. ವರ್ಷಕ್ಕೆ ಶೇ 8.5ರ ಸಾಲದ ಕಂತನ್ನು ತಿಂಗಳಿಗೆ ಶೇ 5 ಅಥವಾ 10ರ ಸಾಲದಿಂದ ಕಟ್ಟಿದವರು ಎರಡರಿಂದಲೂ ಪಾರಾದದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ಸಾಲಗಾರರ ರಕ್ಷಣೆಗೆ ಕರ್ನಾಟಕ ಸರ್ಕಾರ 2025ರಲ್ಲಿ ಹೊಸ ಕಾನೂನು ತಂದಿದೆಯಲ್ಲ, ಅದರಡಿ ನನ್ನ ಗೃಹ ಸಾಲದ ವಸೂಲಿಯನ್ನು ನಿಲ್ಲಿಸಬಹುದೇ? ಹಾಗೆ ಮಾಡಿಸಿಕೊಡುತ್ತೇನೆಂದು ಒಬ್ಬರು 15,000 ರೂಪಾಯಿ ಕೇಳುತ್ತಿದ್ದಾರೆ.
– ಓದುಗ, ಮೈಸೂರು

ಉತ್ತರ: ಸಾಧ್ಯವಿಲ್ಲ, ಹಣ ಕೊಡಬೇಡಿ. ಕಿರು ಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ನಡೆಯುವ ಬಲವಂತವನ್ನು ತಡೆಯಲು ಬಂದ ಆ ಕಾನೂನು, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕುಗಳಿಗೂ ಹಣಕಾಸು ಕಂಪನಿಗಳಿಗೂ ಅನ್ವಯಿಸುವುದಿಲ್ಲ. ಗೃಹ ಸಾಲದ ಬಗ್ಗೆ ಕಾನೂನಿನ ಸಲಹೆ ಬೇಕಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100 ಸಂಖ್ಯೆಗೆ ಕರೆ ಮಾಡಿ. ಅಲ್ಲಿ ಸಲಹೆಗೆ ಶುಲ್ಕವಿಲ್ಲ.

ಪ್ರಶ್ನೆ: ನಮ್ಮ ತಂದೆಯವರು ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದರು. ವ್ಯಾಪಾರ ಕುಸಿದು ಆರು ತಿಂಗಳಿಂದ ಮನೆ ಸಾಲದ ಕಂತು ಕಟ್ಟಿಲ್ಲ. ಇಪ್ಪತ್ತು ದಿನಗಳ ಹಿಂದೆ, ಉಳಿದಿರುವ ಅಷ್ಟೂ 18 ಲಕ್ಷ ರೂಪಾಯಿಯನ್ನು ಒಮ್ಮೆಗೇ ಕಟ್ಟಬೇಕೆಂದು ಬ್ಯಾಂಕಿನಿಂದ ನೋಟಿಸ್ ಬಂದಿದೆ. ವಸೂಲಿಯವರು ರಾತ್ರಿ ಒಂಬತ್ತಕ್ಕೆ ಬಂದು ಓಣಿಯ ಜನರೆಲ್ಲ ಕೇಳುವಂತೆ ಕೂಗಾಡಿ ಹೋದರು. ಪರಿಚಿತರೊಬ್ಬರು ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತರೋಣ ಎನ್ನುತ್ತಾರೆ. ತಂದೆಯವರು ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ, ಯಾರೊಂದಿಗೂ ಮಾತಿಲ್ಲ.
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಮೊದಲು ನಿಮ್ಮ ತಂದೆಯವರ ಮಾತು. ಸಾಲದ ಅವಮಾನವನ್ನು ಒಳಗೇ ನುಂಗಿಕೊಂಡವರನ್ನು ಒಂಟಿಯಾಗಿ ಬಿಡಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಇಂದೇ ನೀವು ಪಕ್ಕದಲ್ಲಿ ಕುಳಿತು ಕರೆ ಮಾಡಿಕೊಡಿ. ಬ್ಯಾಂಕಿನ ಕೆಲಸವನ್ನು ನಾಳೆ ಮಾಡಿದರೂ ನಡೆಯುತ್ತದೆ, ಏಕೆಂದರೆ ನಿಮ್ಮ ಕೈಯಲ್ಲಿ ಇನ್ನೂ ದಿನಗಳಿವೆ.

ನಿಮಗೆ ಬಂದಿರುವುದು 2002ರ ಸರ್ಫೇಸಿ ಕಾಯ್ದೆಯ (ಅಡಮಾನದ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಕ್ಕೆ ಪಡೆದು ಮಾರಲು ಬ್ಯಾಂಕಿಗೆ ಅವಕಾಶ ಕೊಡುವ ಕಾನೂನು) 13(2)ನೇ ಕಲಮಿನ ನೋಟಿಸ್ ಎಂದು ಪತ್ರದಿಂದ ತೋರುತ್ತದೆ. ಅದು 60 ದಿನದ ಗಡುವು ಕೊಡುವ ಬೇಡಿಕೆ ಪತ್ರವೇ ಹೊರತು ಮನೆ ಬಿಡಿಸುವ ಆದೇಶವಲ್ಲ. ಈ 60 ದಿನದೊಳಗೆ ನೀವು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಲೆಕ್ಕದಲ್ಲಿ ತಪ್ಪಿದೆಯೇ, ಕಟ್ಟಿದ ಕಂತು ಜಮೆಯಾಗಿಲ್ಲವೇ, ಎಷ್ಟು ತಿಂಗಳಲ್ಲಿ ಬಾಕಿ ತೀರಿಸಬಲ್ಲಿರಿ ಎಂಬುದನ್ನೆಲ್ಲ ಅದರಲ್ಲಿ ಬರೆಯಿರಿ. ಬ್ಯಾಂಕು ಅದನ್ನು ಒಪ್ಪದಿದ್ದರೆ 15 ದಿನದೊಳಗೆ ಕಾರಣ ಸಹಿತ ಉತ್ತರಿಸಲೇಬೇಕು. ಬಹಳ ಮಂದಿ ಈ ಹಕ್ಕನ್ನು ಬಳಸುವುದೇ ಇಲ್ಲ. ನೋಟಿಸನ್ನು ಬೀರುವಿನಲ್ಲಿಟ್ಟು ದೇವರ ಮೇಲೆ ಭಾರ ಹಾಕುತ್ತಾರೆ. ಮುಂದೆ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾಗಿ ಬಂದರೆ ಈ ಆಕ್ಷೇಪಣೆ, ಅದಕ್ಕೆ ಬಂದ ಉತ್ತರ ನಿಮ್ಮ ಮುಖ್ಯ ದಾಖಲೆಗಳಾಗುತ್ತವೆ.

ಸಿವಿಲ್ ಕೋರ್ಟಿನ ಸಲಹೆಯನ್ನು ಬಿಟ್ಟುಬಿಡಿ. ಈ ಕಾಯ್ದೆಯಡಿ ಬ್ಯಾಂಕು ಕೈಗೊಳ್ಳುವ ಕ್ರಮಗಳಿಗೆ ತಡೆಯಾಜ್ಞೆ ಕೊಡುವ ಅಧಿಕಾರವನ್ನು 34ನೇ ಕಲಮು ಸಿವಿಲ್ ನ್ಯಾಯಾಲಯಗಳಿಂದ ತೆಗೆದಿದೆ. 60 ದಿನ ಕಳೆದು ಬ್ಯಾಂಕು 13(4)ನೇ ಕಲಮಿನಂತೆ ಸ್ವಾಧೀನಕ್ಕೆ ಮುಂದಾದರೆ, ಆ ಕ್ರಮದಿಂದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಅರ್ಜಿ ಹಾಕಬೇಕು. ಕರ್ನಾಟಕದ ಪ್ರಕರಣಗಳಿಗೆ ಅದು ಬೆಂಗಳೂರಿನಲ್ಲಿದೆ. ಮೊದಲ ಸ್ವಾಧೀನ ಸಾಮಾನ್ಯವಾಗಿ ಸಾಂಕೇತಿಕ: ಬಾಗಿಲಿಗೆ ನೋಟಿಸ್ ಅಂಟಿಸಿ, ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದು. ಮನೆಯವರು ಬಿಟ್ಟುಕೊಡದಿದ್ದರೆ ಜಿಲ್ಲಾಧಿಕಾರಿಗಳ ನೆರವು ಕೋರಿ 14ನೇ ಕಲಮಿನಡಿ ಅರ್ಜಿ ಹಾಕುತ್ತಾರೆ. ಹರಾಜಿಗೆ ಮುನ್ನ ಬೆಲೆ ಕಟ್ಟಿಸಬೇಕು, 30 ದಿನದ ನೋಟಿಸ್ ಕೊಡಬೇಕು.

ಒಂದು ದಿನಾಂಕವನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಬಾಕಿ, ಖರ್ಚು ಎಲ್ಲವನ್ನೂ ಕಟ್ಟಿದರೆ ಮನೆ ಉಳಿಯುತ್ತದೆ. 2016ರ ತಿದ್ದುಪಡಿಯ ನಂತರ ಪ್ರಕಟಣೆಯಾದ ಮೇಲೆ ಆ ಹಕ್ಕು ಇರುವುದಿಲ್ಲ, ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಎತ್ತಿಹಿಡಿದಿದೆ. ಹರಾಜಿನ ದಿನದವರೆಗೂ ಸಮಯವಿದೆ ಎಂಬ ಹಳೆಯ ತಿಳಿವಳಿಕೆಯನ್ನು ನಂಬಿ ಮನೆ ಕಳೆದುಕೊಂಡವರಿದ್ದಾರೆ.

ಅಂಗಡಿ ಮತ್ತೆ ಚೇತರಿಸಿಕೊಳ್ಳುವ ಭರವಸೆ ನಿಜವಾಗಿಯೂ ಇಲ್ಲದಿದ್ದರೆ, ಮನೆಯನ್ನು ನೀವೇ ಮಾರುವುದು ಹರಾಜಿಗಿಂತ ಒಳ್ಳೆಯದು ಎಂದು ನೇರವಾಗಿ ಹೇಳುತ್ತೇನೆ. ಇದನ್ನು ಬರೆಯುವಾಗ ನನಗೂ ನೋವಾಗುತ್ತದೆ. ಒಂದು ಜೀವಮಾನದ ದುಡಿಮೆ ಆ ಗೋಡೆಗಳಲ್ಲಿದೆ. ಆದರೆ ಹರಾಜಿನಲ್ಲಿ ಮನೆ ಅಗ್ಗಕ್ಕೆ ಹೋಗುವುದೇ ಹೆಚ್ಚು, ಅದರ ಹಣ ಸಾಲಕ್ಕೆ ಸಾಲದಿದ್ದರೆ ಉಳಿದದ್ದೂ ನಿಮ್ಮ ಮೇಲೆಯೇ ಬರುತ್ತದೆ. ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಆದ್ದರಿಂದ ಬಾಕಿಯ ಪೂರ್ಣ ಲೆಕ್ಕದ ಪತ್ರ ಕೇಳಿ, ಮಾರಾಟಕ್ಕೆ ಒಪ್ಪಿಗೆ ಪಡೆದು, ಕೊಳ್ಳುವವರ ಹಣ ನೇರವಾಗಿ ಸಾಲದ ಖಾತೆಗೆ ಬರುವಂತೆ ಏರ್ಪಾಡು ಮಾಡಿಕೊಳ್ಳಿ. ಮಿಕ್ಕ ಹಣ ನಿಮ್ಮದು. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು, ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಒಂದೇ ಬಾರಿಯ ಇತ್ಯರ್ಥ, ಅಂದರೆ ಓಟಿಎಸ್, ಕೇಳಿ ನೋಡಬಹುದು. ಅದು ಹಕ್ಕಲ್ಲ, ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು. ಮೊತ್ತ, ಗಡುವು ಎರಡನ್ನೂ ಬರೆದ ಪತ್ರ ಕೈಗೆ ಬರುವವರೆಗೆ ಆ ಲೆಕ್ಕಕ್ಕೆಂದು ಹಣ ಕೊಡಬೇಡಿ. ಲೋಕ ಅದಾಲತ್‌ನಲ್ಲೂ ಇಂತಹ ರಾಜಿಗಳು ನಡೆಯುತ್ತವೆ.

ರಾತ್ರಿ ಬಂದವರ ವಿಷಯ: ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡುವುದನ್ನೂ, ಸಾಲಗಾರನನ್ನು ಸಾರ್ವಜನಿಕವಾಗಿ ಅವಮಾನಿಸುವುದನ್ನೂ ರಿಸರ್ವ್ ಬ್ಯಾಂಕ್ ನಿಷೇಧಿಸಿದೆ. ಬಂದವರ ಗುರುತಿನ ಚೀಟಿ, ಬ್ಯಾಂಕು ಕೊಟ್ಟ ಅಧಿಕಾರ ಪತ್ರ ಕೇಳಿ. ಆ ರಾತ್ರಿಯ ಸಮಯ, ಆಡಿದ ಮಾತು, ಕೇಳಿಸಿಕೊಂಡ ನೆರೆಯವರ ಹೆಸರು ಬರೆದಿಟ್ಟು ಬ್ಯಾಂಕಿಗೆ ದೂರು ಕೊಡಿ. ಬೆದರಿಕೆ ಹಾಕಿದ್ದರೆ 112ಕ್ಕೆ ಕರೆ ಮಾಡಲು ಹಿಂಜರಿಯಬೇಡಿ. ಅವರ ಕೈಗೆ ನಗದು ಕೊಡಬೇಡಿ. ಹಣ ಏನಿದ್ದರೂ ಸಾಲದ ಖಾತೆಗೇ ಹೋಗಲಿ.

ಪ್ರಶ್ನೆ: ಖಾಸಗಿ ಕಂಪನಿಯೊಂದರಲ್ಲಿ ವಾಹನ ಚಾಲಕರಾಗಿದ್ದ ನನ್ನ ಯಜಮಾನರು ಮೂರು ತಿಂಗಳ ಹಿಂದೆ ಹೃದಯಾಘಾತದಿಂದ ತೀರಿಕೊಂಡರು. ಮನೆ ಸಾಲದಲ್ಲಿ ನಾನೂ ಸಹಿ ಮಾಡಿದ್ದೇನೆ. ಹೊಲಿಗೆಯಿಂದ ತಿಂಗಳಿಗೆ 9,000 ರೂಪಾಯಿ ಬಂದರೆ ಹೆಚ್ಚು. ಕಂತು 14,000. ಬ್ಯಾಂಕಿನವರು ನೀವೇ ಮುಂದುವರಿಸಬೇಕು ಎನ್ನುತ್ತಾರೆ. ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದಾರೆ.
– ಸಹೋದರಿಯೊಬ್ಬರು, ಹಾಸನ

ಉತ್ತರ: ತಾಯಿ, ಸಹ ಸಾಲಗಾರರಾಗಿ ಸಹಿ ಮಾಡಿದ್ದರಿಂದ ಸಾಲದ ಹೊಣೆ ನಿಮ್ಮ ಮೇಲಿದೆ ಎಂಬುದು ನಿಜ. ಆದರೆ ಕಂತಿನ ಮಾತಿಗೆ ಮುನ್ನ ವಿಮೆಯನ್ನು ಹುಡುಕಬೇಕು. ಗೃಹ ಸಾಲ ಕೊಡುವಾಗ ಸಾಲದ ಮೊತ್ತಕ್ಕೆ ಸರಿಯಾಗಿ ಜೀವವಿಮೆ ಮಾಡಿಸಿ, ಅದರ ಕಂತನ್ನು ಸಾಲಕ್ಕೇ ಸೇರಿಸುವುದು ಸಾಮಾನ್ಯ ಪದ್ಧತಿ. ಮನೆಯವರಿಗೆ ಅದು ತಿಳಿದೇ ಇರುವುದಿಲ್ಲ. ಸಾಲ ಮಂಜೂರಾತಿ ಪತ್ರವನ್ನೂ, ಸಾಲ ಬಿಡುಗಡೆಯಾದ ತಿಂಗಳ ಲೆಕ್ಕಪಟ್ಟಿಯನ್ನೂ ಬ್ಯಾಂಕಿನಿಂದ ತರಿಸಿ, ವಿಮಾ ಕಂಪನಿಯ ಹೆಸರಿಗೆ ಹಣ ಕಡಿತವಾಗಿದೆಯೇ ನೋಡಿ. ಅಂತಹ ವಿಮೆಯಿದ್ದರೆ ಉಳಿದ ಸಾಲದ ದೊಡ್ಡ ಭಾಗವೋ ಪೂರ್ತಿಯೋ ಅದರಿಂದಲೇ ತೀರಬಹುದು. ಕಾಯಿಲೆಯನ್ನು ಮುಚ್ಚಿಟ್ಟಿದ್ದರು ಎಂದು ಕಂಪನಿ ತಕರಾರು ತೆಗೆದರೆ, ವಿಮೆ ಮಾಡಿಸಿ ಮೂರು ವರ್ಷ ಕಳೆದಿದೆಯೇ ನೋಡಿ. ಕಳೆದಿದ್ದರೆ ವಿಮಾ ಕಾಯ್ದೆಯ 45ನೇ ಕಲಮು ಅಂತಹ ತಕರಾರಿಗೆ ಅವಕಾಶ ಕೊಡುವುದಿಲ್ಲ. ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಯಜಮಾನರ ಉಳಿತಾಯ ಖಾತೆಯ ಪಾಸ್‌ಬುಕ್ಕನ್ನೂ ತೆಗೆದು ನೋಡಿ. ಮೇ ತಿಂಗಳ ಕೊನೆಯ ಸುಮಾರಿಗೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ. ಸಾವು ಯಾವ ಕಾರಣದಿಂದಾದರೂ 2 ಲಕ್ಷ ರೂಪಾಯಿ ಬರುತ್ತದೆ. 20 ರೂಪಾಯಿಯ ಕಡಿತ ಅಪಘಾತ ವಿಮೆಯದು, ನಿಮ್ಮ ಸಂದರ್ಭಕ್ಕೆ ಅದು ಒದಗುವುದಿಲ್ಲ. ಕಂಪನಿಯಲ್ಲಿ ಭವಿಷ್ಯ ನಿಧಿ ಕಡಿತವಾಗುತ್ತಿದ್ದರೆ ಆ ನಿಧಿಯ ಹಣವಲ್ಲದೆ, ಇಡಿಎಲ್‌ಐ ಎಂಬ ಅದರದೇ ವಿಮೆಯಿಂದ ಗರಿಷ್ಠ 7 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ನಿಮಗೂ ಮಕ್ಕಳಿಗೂ ಪಿಂಚಣಿಯ ಹಕ್ಕೂ ಇರುತ್ತದೆ. ಕಂಪನಿಯವರು ಅರ್ಜಿಗೆ ಸಹಿ ಹಾಕಲು ತಡಮಾಡಿದರೆ ನೇರವಾಗಿ ಭವಿಷ್ಯ ನಿಧಿ ಕಚೇರಿಗೆ ಹೋಗಿ.

ಈ ಅರ್ಜಿಗಳನ್ನೆಲ್ಲ ಸಲ್ಲಿಸಿದ ಮೇಲೆ ಅವುಗಳ ಸ್ವೀಕೃತಿಯ ಪ್ರತಿ, ಮರಣ ಪ್ರಮಾಣಪತ್ರ ಲಗತ್ತಿಸಿ, ವಿಮೆಯ ತೀರ್ಮಾನ ಬರುವವರೆಗೆ ವಸೂಲಿ ಕ್ರಮ ಕೈಗೊಳ್ಳಬಾರದೆಂದು ಬ್ಯಾಂಕಿಗೆ ಬರೆದುಕೊಡಿ. ಅಷ್ಟರವರೆಗೂ ಬಡ್ಡಿ ಓಡುತ್ತಿರುತ್ತದೆ, ಹಾಗಾಗಿ ಮೂರು ನಾಲ್ಕು ಸಾವಿರವಾದರೂ ತಿಂಗಳು ತಿಂಗಳು ಕಟ್ಟುತ್ತಿರಿ. ಬ್ಯಾಂಕು ಒಪ್ಪದೆ ನೋಟಿಸ್ ಕಳಿಸಿದರೆ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಆ ನೋಟಿಸ್ ಹಿಡಿದು ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರನ್ನು ಉಚಿತವಾಗಿ ನೇಮಿಸಿಕೊಡುತ್ತಾರೆ. ಮಂಜೂರಾತಿ ಪತ್ರ ಓದಿ ಅರ್ಥವಾಗದಿದ್ದರೆ ಅದರ ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ವಿಮೆ ಇದೆಯೋ ಇಲ್ಲವೋ ನೋಡಿ ನಾನೇ ನಿಮಗೆ ಬರೆಯುತ್ತೇನೆ.